ಒಂದು ದಾಮಿಜಾನಾ ಲಾಂಬ್ರುಸ್ಕೊ: ಹಳೆಯ ಮುಚ್ಚಳಯಂತ್ರದ ದುರಸ್ತಿಯಿಂದ ಊಟದ ಮೇಜಿನವರೆಗೆ

ಇಟಲಿಯ ಎಮಿಲಿಯಾ ಪ್ರಾಂತ್ಯದ ಮೊದೆನಾ ಮತ್ತು ರೆಜ್ಜೊ ಎಮಿಲಿಯಾ ಜಿಲ್ಲೆಗಳಲ್ಲಿ ಲಾಂಬ್ರುಸ್ಕೊ ಎಂಬ ನೊರೆಯುಕ್ಕುವ ಕೆಂಪು ವೈನನ್ನು ಅಂಗಡಿಯಿಂದ ಬಾಟಲಿಯಲ್ಲಿ ಕೊಳ್ಳದೆ, ಚಳಿಗಾಲ ಮುಗಿಯುವ ಹೊತ್ತಿಗೆ ಸಹಕಾರಿ ದ್ರಾಕ್ಷಾರಸಶಾಲೆಯಿಂದ ದೊಡ್ಡ ಗಾಜಿನ ಪಾತ್ರೆಯಲ್ಲಿ ಸಗಟಾಗಿ ತಂದು, ಮನೆಯ ನೆಲಮಾಳಿಗೆಯಲ್ಲಿ ತಾವೇ ಬಾಟಲಿಗೆ ತುಂಬಿಕೊಳ್ಳುವ ಕುಟುಂಬಗಳು ಇಂದಿಗೂ ಇವೆ. ಆ ಪಾತ್ರೆಗೆ ಅಲ್ಲಿನವರು ದಾಮಿಜಾನಾ ಎನ್ನುತ್ತಾರೆ. ದೊಡ್ಡ ಅಳತೆಯದರಲ್ಲಿ 54 ಲೀಟರು ಹಿಡಿಯುತ್ತದೆ. ಮೊದೆನಾದಲ್ಲಿ ನೆಲೆಸಿರುವ ನಾನು ಈ ವರ್ಷ ಅಂಥ ಒಂದು ದಾಮಿಜಾನಾ ತಂದು, ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಮೂಲೆಗುಂಪಾಗಿದ್ದ ಮುಚ್ಚಳ ಒತ್ತುವ ಯಂತ್ರವನ್ನು ದುರಸ್ತಿ ಮಾಡಿ, ಬಾಟಲಿ ತುಂಬಿ, ಬೇಸಿಗೆಯಲ್ಲಿ ಅದನ್ನು ಊಟದೊಡನೆ ಪರೀಕ್ಷಿಸಿದ ಕೆಲಸದ ದಾಖಲೆ ಇದು. ಈ ವೈನು ಯಾವ ಊಟಕ್ಕೆ ಹೊಂದುತ್ತದೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಕುಡಿಯುವ ಹೊತ್ತಿನಲ್ಲಿ ಕೇಳಲಾಗುತ್ತದೆ. ಆದರೆ ಮನೆಯಲ್ಲಿ ತುಂಬುವ ಲಾಂಬ್ರುಸ್ಕೊಗೆ ಅದರ ಅರ್ಧ ಉತ್ತರ ಬಾಟಲಿ ತುಂಬುವ ದಿನವೇ, ತಕ್ಕಡಿಯ ಮೇಲೆ ತೂಗುವ ಸಕ್ಕರೆಯಲ್ಲಿಯೇ ನಿರ್ಧಾರವಾಗುತ್ತದೆ ಎಂಬುದು ಈ ಕೆಲಸದಿಂದ ನನಗೆ ಮನವರಿಕೆಯಾಗಿದೆ.

ಯಾವ ಲಾಂಬ್ರುಸ್ಕೊ

ಲಾಂಬ್ರುಸ್ಕೊ ಎನ್ನುವುದು ಒಂದೇ ದ್ರಾಕ್ಷಿಯಲ್ಲ, ಒಂದು ಬಳಗ. ಮೊದೆನಾ ಜಿಲ್ಲೆಯಲ್ಲಿ ಮುಖ್ಯವಾಗಿ ಮೂರು ತಳಿಗಳು ಬೆಳೆಯುತ್ತವೆ, ಮೂರಕ್ಕೂ 1970ರಲ್ಲಿಯೇ ಮೂಲಸ್ಥಾನದ ಮಾನ್ಯತೆ ದೊರೆತಿದೆ. ಸೆಕ್ಕಿಯಾ ಮತ್ತು ಪನಾರೊ ನದಿಗಳ ನಡುವಿನ ಸಮತಟ್ಟು ನೆಲದಲ್ಲಿ, ಬೊಂಪೋರ್ತೊ ಪಟ್ಟಣಕ್ಕೆ ಸೇರಿದ ಸೊರ್ಬಾರಾ ಎಂಬ ಹಳ್ಳಿಯ ಸುತ್ತ ಬೆಳೆಯುವ ಸೊರ್ಬಾರಾ ತಳಿಯ ವೈನು ತೆಳುಗೆಂಪು ಬಣ್ಣದ್ದು, ಹುಳಿ ಹೆಚ್ಚು, ಒಗರು ಕಡಿಮೆ. ಮೊದೆನಾದ ದಕ್ಷಿಣಕ್ಕೆ ಬೆಟ್ಟಗಳು ಏಳುವಲ್ಲಿರುವ ಕಾಸ್ತೆಲ್ವೆತ್ರೊದ ಗ್ರಾಸ್ಪರೊಸ್ಸಾ ಇದಕ್ಕೆ ತದ್ವಿರುದ್ಧವಾಗಿ ಕಡುನೇರಳೆ ಬಣ್ಣದ, ನಾಲಿಗೆಯನ್ನು ಹಿಡಿದೆಳೆಯುವ ಒಗರಿನ ವೈನು ಕೊಡುತ್ತದೆ. ಶರತ್ಕಾಲದಲ್ಲಿ ಅದರ ಎಲೆ ಮತ್ತು ಗೊಂಚಲಿನ ತೊಟ್ಟುಗಳೂ ಕೆಂಪಾಗುತ್ತವೆ. ಕಾರ್ಪಿ ಪಟ್ಟಣದ ಸಾಂತಾ ಕ್ರೋಚೆಯ ಸಲಾಮಿನೊ ಇವೆರಡರ ನಡುವೆ ನಿಲ್ಲುತ್ತದೆ.

ಸೊರ್ಬಾರಾ ಬಳ್ಳಿಗೆ ಒಂದು ವಿಚಿತ್ರ ದೌರ್ಬಲ್ಯವಿದೆ. ಅದರ ಹೂಗಳಲ್ಲಿ ಕೇಸರಗಳಿದ್ದರೂ ಪರಾಗಕ್ಕೆ ಕಾಯಿ ಕಟ್ಟಿಸುವ ಶಕ್ತಿಯಿಲ್ಲ. ಆದ್ದರಿಂದ ತೋಟದಲ್ಲಿ ಪಕ್ಕಕ್ಕೆ ಸಲಾಮಿನೊ ಸಾಲುಗಳನ್ನು ನೆಟ್ಟಿರುತ್ತಾರೆ. ಹಾಗಿದ್ದೂ ಗೊಂಚಲುಗಳು ಬಿಡಿಬಿಡಿಯಾಗಿ, ದೊಡ್ಡ ಕಾಳುಗಳ ನಡುವೆ ಬೆಳೆಯದ ಪುಟ್ಟ ಕಾಳುಗಳಿಂದ ಕೂಡಿರುತ್ತವೆ. ಸೊರ್ಬಾರಾ ಹೆಸರಿನ ವೈನಿನಲ್ಲಿ ಸಲಾಮಿನೊ ಬೆರೆಸಲು ನಿಯಮವೇ ಅವಕಾಶ ಕೊಟ್ಟಿರುವುದರ ಹಿಂದೆ ತೋಟದಲ್ಲಿನ ಈ ನೆರೆಹೊರೆಯೂ ಇದೆ. ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು: ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯು ಅಮೆರಿಕ ಮೂಲದ ಲ್ಯಾಬ್ರುಸ್ಕಾ ಜಾತಿಯ ಸಂಕರವಾಗಿದ್ದು, ಯುರೋಪಿನ ವಿನಿಫೆರಾ ಜಾತಿಗೆ ಸೇರಿದ ಲಾಂಬ್ರುಸ್ಕೊಗೆ ಅದರ ಹತ್ತಿರದ ಸಂಬಂಧವೇನೂ ಇಲ್ಲ.

ನಾನು ಆರಿಸಿದ್ದು ಸೊರ್ಬಾರಾ. ಮನೆಗೆ ಬರುವ ಗೆಳೆಯರಲ್ಲಿ ಮಾಂಸ ತಿನ್ನದವರು ಹೆಚ್ಚು, ನಮ್ಮ ಮೇಜಿನ ಮೇಲೆ ಕರಿದ ಹಿಟ್ಟಿನ ತಿನಿಸು ಮತ್ತು ಗಿಣ್ಣಿನದ್ದೇ, ಅಂದರೆ ಚೀಸಿನದ್ದೇ, ಮೇಲುಗೈ. ಅವಕ್ಕೆ ಒಗರಿಗಿಂತ ಹುಳಿ ಒಳ್ಳೆಯ ಜೊತೆ.

ಯಂತ್ರದ ದುರಸ್ತಿ

ಮುಚ್ಚಳಯಂತ್ರವು ಮನೆಯ ಮಾಲೀಕರ ತಂದೆಯ ಕಾಲದ್ದು. ಬೀಡುಕಬ್ಬಿಣದ ಪೀಠ, ಅದರ ಮೇಲೆ ನಿಂತ ಉಕ್ಕಿನ ಕಂಬ, ಕಂಬದ ಮೇಲೆ ಬಾಟಲಿಯ ಎತ್ತರಕ್ಕೆ ತಕ್ಕಂತೆ ಏರಿಳಿಸಿ ಗೂಟದಿಂದ ಸಿಕ್ಕಿಸುವ ತಲೆ, ತಲೆಗೆ ಉದ್ದನೆಯ ಹಿಡಿಕೆ, ಹಿಡಿಕೆ ಇಳಿಸಿದಾಗ ಮುಚ್ಚಳದ ಅಂಚನ್ನು ಬಾಟಲಿಯ ಬಾಯಿಗೆ ಮಡಚಿ ಕೂರಿಸುವ ಗಂಟೆಯಾಕಾರದ ಅಚ್ಚು. ಇಷ್ಟೇ ಅದರ ರಚನೆ. 1892ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಪೇಂಟರ್ ಹಕ್ಕುಪತ್ರ ಪಡೆದ ಹಲ್ಲುಹಲ್ಲಿನ ಲೋಹದ ಮುಚ್ಚಳ, ಅಂದರೆ ನಾವು ಸೋಡಾ ಬಾಟಲಿಗಳಲ್ಲಿ ಕಂಡ ಅದೇ ಮುಚ್ಚಳ, ಇದಕ್ಕೆ ಬೇಕು. ಹಿಂದೆ ಎಮಿಲಿಯಾದ ಮನೆಗಳಲ್ಲಿ ಬಿರಡೆ ಹಾಕಿ ಹುರಿಯಿಂದ ಕಟ್ಟುತ್ತಿದ್ದರು. ಕಾಣಲು ಅದು ಚೆಂದ, ಆದರೆ ಒಬ್ಬನೇ ಕೂತು ಎಪ್ಪತ್ತು ಬಾಟಲಿ ಕಟ್ಟುವವನಿಗೆ ಲೋಹದ ಮುಚ್ಚಳವೇ ಸರಿ.

ಯಂತ್ರದಲ್ಲಿ ನಾಲ್ಕು ದೋಷಗಳಿದ್ದವು. ತೇವದಿಂದ ಕಂಬ ತುಕ್ಕು ಹಿಡಿದು ತಲೆ ಅಲ್ಲಿಯೇ ಕಚ್ಚಿಕೊಂಡಿತ್ತು. ಹಿಡಿಕೆಯ ಕೀಲಿನ ಗೂಟ ಸವೆದು, ಅದರ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಮುಚ್ಚಳವನ್ನು ಕೆಳಕ್ಕೆ ತಳ್ಳಿ ಬಿಡಿಸುವ ಒಳಗಿನ ಸ್ಪ್ರಿಂಗ್ ಜೀವ ಕಳೆದುಕೊಂಡಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಚ್ಚು ಸಾಮಾನ್ಯ ಬಿಯರ್ ಬಾಟಲಿಯ 26 ಮಿಲಿಮೀಟರ್ ಮುಚ್ಚಳದ್ದು; ನೊರೆ ವೈನಿಗೆ ನಾನು ಕೂಡಿಹಾಕಿದ್ದ ದಪ್ಪ ಗಾಜಿನ ಬಾಟಲಿಗಳ ಬಾಯಿಗೆ 29 ಮಿಲಿಮೀಟರಿನದೇ ಬೇಕು. ಈ ಎರಡು ಅಳತೆಗಳು ಕಣ್ಣಳತೆಗೆ ಒಂದೇ ಎನಿಸುವಷ್ಟು ಹತ್ತಿರವಾಗಿರುವುದರಿಂದ ಮುಚ್ಚಳ ಕೊಳ್ಳುವ ಮೊದಲು ಬಾಟಲಿಯ ಬಾಯನ್ನು ಕ್ಯಾಲಿಪರಿನಿಂದ ಅಳೆದುಕೊಳ್ಳುವುದು ಕ್ಷೇಮ.

ತುಕ್ಕು ಸಡಿಲಿಸುವ ಎಣ್ಣೆಯನ್ನು ತಲೆ ಮತ್ತು ಕಂಬದ ನಡುವಿನ ಸಂದಿಗೆ ಸುರಿದು ಒಂದು ರಾತ್ರಿ ಬಿಟ್ಟು, ಮರುದಿನ ಮರದ ಕೊಡತಿಯಿಂದ ಕೆಳಗಿನಿಂದ ಮೇಲಕ್ಕೆ ಸಣ್ಣಸಣ್ಣ ಏಟು ಕೊಟ್ಟಾಗ ತಲೆ ಅಲುಗಿತು. ಬೀಡುಕಬ್ಬಿಣಕ್ಕೆ ಕಬ್ಬಿಣದ ಸುತ್ತಿಗೆಯ ಏಟು ತಗುಲಿದರೆ ಸೀಳುವ ಸಂಭವವಿರುವುದರಿಂದ ಇಲ್ಲಿ ಆತುರ ಸಲ್ಲದು. ಕಳಚಿದ ಸಣ್ಣ ಭಾಗಗಳನ್ನು ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ನೆನೆಹಾಕಿದೆ. ತುಕ್ಕು ಕರಗಿ ಲೋಹ ಬೂದುಬಣ್ಣಕ್ಕೆ ತಿರುಗಿದ ಮೇಲೆ ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ತಕ್ಷಣ ಒರೆಸಿ, ಬಿಸಿಗಾಳಿಯಿಂದ ಒಣಗಿಸಿ ಎಣ್ಣೆ ಸವರಬೇಕು. ಸ್ವಲ್ಪ ತಡೆದರೂ ಹೊಸ ತುಕ್ಕಿನ ತೆಳು ಪದರ ಕಣ್ಣೆದುರೇ ಕಟ್ಟಿಕೊಳ್ಳುತ್ತದೆ. ಕಂಬವನ್ನು ಮೊದಲು ಒರಟು, ಆಮೇಲೆ ನಯವಾದ ಎಮರಿ ಕಾಗದದಿಂದ ಉಜ್ಜಿ, ಆಹಾರ ಯಂತ್ರಗಳಿಗೆ ಬಳಸುವ ಗ್ರೀಸನ್ನು ಬಲು ತೆಳ್ಳಗೆ ಹಚ್ಚಿದೆ.

ಸವೆದ ರಂಧ್ರವನ್ನು ತುಂಬಿಸಿ ಮತ್ತೆ ಕೊರೆಯುವುದಕ್ಕಿಂತ, ಅದನ್ನೇ ಒಂದು ಅಳತೆ ಹಿಗ್ಗಿಸಿ ದುಂಡಗೆ ಮಾಡಿ, ದಪ್ಪನೆಯ ಬೋಲ್ಟು ತೂರಿಸಿ, ಒಳಗೆ ನೈಲಾನ್ ಉಂಗುರವಿರುವ ನಟ್ಟಿನಿಂದ ಬಿಗಿಯುವುದು ಸುಲಭವೆನಿಸಿತು. ಸಾಮಾನ್ಯ ನಟ್ಟು ಹಾಕಿದರೆ ಹಿಡಿಕೆ ಪದೇ ಪದೇ ಏರಿಳಿಯುವಾಗ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. 29 ಮಿಲಿಮೀಟರಿನ ಅಚ್ಚು, ಸ್ಪ್ರಿಂಗ್ ಮತ್ತು ಪೀಠದ ರಬ್ಬರನ್ನು ಮದ್ಯ ತಯಾರಿಕೆಯ ಸಾಮಾನು ಮಾರುವ ಅಂಗಡಿಯಲ್ಲಿ ಕೊಂಡೆ. ಹಳೆಯ ಅಚ್ಚನ್ನು ಜೊತೆಗೊಯ್ದು ಅದರ ತಿರುಪಿನ ಸುತ್ತುಗಳಿಗೆ ಹೊಸದು ಹೊಂದುತ್ತದೆಯೇ ಎಂದು ಅಲ್ಲಿಯೇ ತಿರುಗಿಸಿ ನೋಡಿದ್ದರಿಂದ ಎರಡನೆಯ ಸಲ ಅಲೆಯುವುದು ತಪ್ಪಿತು.

ಜೋಡಿಸಿದ ಮೇಲೆ ಉಳಿದದ್ದು ನೇರ ಕೂರಿಸುವ ಕೆಲಸ. ಅಚ್ಚಿನ ನಡುಬಿಂದುವೂ ಬಾಟಲಿಯ ನಡುಬಿಂದುವೂ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಮುಚ್ಚಳದ ಒಂದು ಬದಿ ಮಡಚಿ ಇನ್ನೊಂದು ಬದಿ ಬಾಯ್ತೆರೆದು ನಿಲ್ಲುತ್ತದೆ, ಅನಿಲ ಅಲ್ಲಿಂದ ನಿಧಾನವಾಗಿ ಸೋರಿಹೋಗುತ್ತದೆ. ಇದನ್ನು ತಪ್ಪಿಸಲು ಪ್ಲೈವುಡ್ಡಿನ ತುಂಡಿನಲ್ಲಿ ಬಾಟಲಿಯ ತಳದಷ್ಟೇ ಅಗಲದ ಗುಂಡಿ ಕೊರೆದು, ಅಚ್ಚಿನಿಂದ ತೂಗುಗುಂಡು ಇಳಿಬಿಟ್ಟು ನಡುವನ್ನು ಗುರುತಿಸಿ, ಪೀಠಕ್ಕೆ ಆ ತುಂಡನ್ನು ತಿರುಪಿನಿಂದ ಕಟ್ಟಿದೆ. ಅನಿಲ ತುಂಬಿದ ನೀರನ್ನು ಬಾಟಲಿಗೆ ಹಾಕಿ ಮುಚ್ಚಳ ಒತ್ತಿ, ತಲೆಕೆಳಗಾಗಿ ಒಣ ಕಾಗದದ ಮೇಲೆ ಒಂದು ರಾತ್ರಿ ನಿಲ್ಲಿಸುವುದು ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ಪರೀಕ್ಷೆ. ಕಾಗದ ಒಣಗಿಯೇ ಇದ್ದು, ಕೈಯಿಂದ ತಿರುವಿದಾಗ ಮುಚ್ಚಳ ಅಲುಗದಿದ್ದರೆ ಯಂತ್ರ ಸಿದ್ಧ.

ಬಾಟಲಿ ಮತ್ತು ಗೂಡು

ಗಾಜಿನ ವಿಷಯದಲ್ಲಿ ಉಳಿತಾಯಕ್ಕೆ ಎಡೆಯಿಲ್ಲ. ಸಾಮಾನ್ಯ ವೈನಿನ ತೆಳು ಬಾಟಲಿ ಒಳಗಿನ ಒತ್ತಡ ತಾಳಲು ಮಾಡಿದ್ದಲ್ಲ. ನೊರೆ ವೈನಿನ ಬಾಟಲಿ ಅದಕ್ಕಿಂತ ಬಹಳ ಭಾರ, ತಳ ಒಳಕ್ಕೆ ಆಳವಾಗಿ ಗುಳಿಬಿದ್ದಿರುತ್ತದೆ. ಗೆಳೆಯರ ಹಬ್ಬದೂಟಗಳಿಂದ ಕೂಡಿಹಾಕಿದ ಬಾಟಲಿಗಳನ್ನು ಬೆಳಕಿಗೆ ಹಿಡಿದು, ಗೀರು ಅಥವಾ ಬಾಯಿಯಲ್ಲಿ ಚಕ್ಕೆ ಎದ್ದದ್ದು ಕಂಡರೆ ಪಕ್ಕಕ್ಕಿಟ್ಟೆ. ಒಗೆಯುವ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಮೂರು ನೀರಿನಲ್ಲಿ ಜಾಲಿಸಿ, ಬಾಟಲಿ ಬೋರಲು ಹಾಕುವ ಕವಲುಗಂಬದಲ್ಲಿ ಇಳಿಯಬಿಟ್ಟೆ. ಗಂಧಕದ ಲವಣದ ದ್ರಾವಣದಲ್ಲಿ ಬಾಟಲಿ ಜಾಲಿಸುವವರೂ ಇದ್ದಾರೆ. ಆದರೆ ಬಾಟಲಿಯಲ್ಲಿ ಮತ್ತೆ ಹುದುಗಬೇಕಾದ ವೈನಿಗೆ ಅದರ ಉಳಿಕೆ ಹೆಚ್ಚಾದರೆ ಯೀಸ್ಟಿಗೇ ಪೆಟ್ಟು, ಆದ್ದರಿಂದ ನಾನು ಬಿಸಿನೀರನ್ನೇ ನಂಬಿದೆ.

ಗೂಡುಗಳನ್ನು ಹಳೆಯ ಹಲಗೆಗಳಿಂದ ಮಾಡಿದ್ದರಲ್ಲಿ ಹೇಳಬೇಕಾದದ್ದೇನೂ ಇಲ್ಲ, ಒಂದನ್ನು ಬಿಟ್ಟು: ಅವನ್ನು ಗೋಡೆಗೆ ಬೋಲ್ಟಿನಿಂದ ಬಿಗಿದೆ, ಪ್ರತಿ ಅಂತಸ್ತಿಗೂ ಮುಂದೆ ಅಡ್ಡಪಟ್ಟಿ ಹೊಡೆದೆ. ಇದು ಭೂಕಂಪದ ನೆಲ. 2012ರ ಮೇ 20 ಮತ್ತು 29ರಂದು ಎಮಿಲಿಯಾದಲ್ಲಿ ನೆಲ ನಡುಗಿದಾಗ ಪಾರ್ಮಿಜಾನೊ ರೆಜ್ಜಾನೊ ಗಿಣ್ಣಿನ ಗೋದಾಮುಗಳಲ್ಲಿ ಎತ್ತರದ ಗೂಡುಗಳೇ ಕುಸಿದು, ಲಕ್ಷಾಂತರ ಗಿಣ್ಣಿನ ಚಕ್ರಗಳು ನೆಲಕ್ಕುರುಳಿದ್ದವು. ಒಳಗೆ ಒತ್ತಡ ಹೊತ್ತ ಗಾಜಿನ ವಿಷಯದಲ್ಲಿ ಆ ನೆನಪು ಉಪಯೋಗಕ್ಕೆ ಬರುತ್ತದೆ.

ಲೆಕ್ಕ

ಈ ಇಡೀ ಕೆಲಸದ ಹೃದಯವಿರುವುದು ಇಲ್ಲಿ. ಯೀಸ್ಟು ಸಕ್ಕರೆಯನ್ನು ತಿಂದಾಗ ಅದರ ಹೆಚ್ಚುಕಡಿಮೆ ಅರ್ಧ ತೂಕ ಮದ್ಯಸಾರವಾಗಿ, ಉಳಿದರ್ಧ ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತನೆಗೊಳ್ಳುತ್ತದೆ. ಬಾಟಲಿ ಮುಚ್ಚಿರುವುದರಿಂದ ಆ ಅನಿಲ ಹೊರಹೋಗಲಾರದೆ ವೈನಿನಲ್ಲಿ ಕರಗಿ ಒತ್ತಡವಾಗಿ ನಿಲ್ಲುತ್ತದೆ. ಲೀಟರಿಗೆ 4 ಗ್ರಾಂ ಸಕ್ಕರೆಯಿಂದ ಸುಮಾರು 1 ಬಾರ್ ಒತ್ತಡ ಎಂಬುದು ಈ ಕಸುಬಿನವರ ಕೈಲೆಕ್ಕ. ಷಾಂಪೇನ್ ತಯಾರಿಸುವವರು ಲೀಟರಿಗೆ 24 ಗ್ರಾಂ ಹಾಕಿ 6 ಬಾರ್ ಪಡೆಯುವುದು ಇದೇ ಲೆಕ್ಕದಿಂದ. ಲಾಂಬ್ರುಸ್ಕೊದಂಥ ಹದನೊರೆಯ ವೈನಿಗೆ ಯುರೋಪಿನ ನಿಯಮ ಹೇಳುವುದು 20 ಡಿಗ್ರಿ ಉಷ್ಣತೆಯಲ್ಲಿ 1ರಿಂದ 2.5 ಬಾರ್, ಅಂದರೆ ಹೆಚ್ಚೆಂದರೆ ಕಾರಿನ ಟೈರಿನಲ್ಲಿರುವಷ್ಟು.

ನಾನು ಗುರಿಯಿಟ್ಟದ್ದು ಲೀಟರಿಗೆ 9 ಗ್ರಾಂ, ಎಂದರೆ ಎರಡು ಬಾರ್ ಒತ್ತಡಕ್ಕಿಂತ ತುಸು ಮೇಲೆ. ಬಾಟಲಿ ತುಂಬಲೆಂದೇ ಮಾರುವ ಎಳೆಯ ಲಾಂಬ್ರುಸ್ಕೊದಲ್ಲಿ ಸ್ವಲ್ಪ ಸಕ್ಕರೆಯನ್ನು ಹುದುಗಲು ಬಿಡದೆ ಉಳಿಸಿರುತ್ತಾರೆ. ಎಷ್ಟು ಉಳಿದಿದೆ ಎಂಬುದನ್ನು ನಾಲಿಗೆಯಿಂದ ಊಹಿಸುವುದು ಅಪಾಯ, ಏಕೆಂದರೆ ಸೊರ್ಬಾರಾದ ಹುಳಿ ಸಿಹಿಯನ್ನು ಮರೆಮಾಚುತ್ತದೆ. ದ್ರವದ ಸಾಂದ್ರತೆ ಅಳೆಯುವ ತೇಲುಮಾಪಕವೂ ಇಲ್ಲಿ ನಂಬಲರ್ಹವಲ್ಲ. ನೀರಿಗಿಂತ ಹಗುರವಾದ ಮದ್ಯಸಾರ ಬೆರೆತಿರುವುದರಿಂದ ಅದು ಸಕ್ಕರೆಯನ್ನು ಕಡಿಮೆ ತೋರಿಸುತ್ತದೆ. ವೈನು ಮಾರಿದವರ ಪ್ರಯೋಗಾಲಯದ ಚೀಟಿಯಲ್ಲಿ ಲೀಟರಿಗೆ 6 ಗ್ರಾಂ ಎಂದಿತ್ತು. ಕೊರತೆ 3 ಗ್ರಾಂ. 54 ಲೀಟರಿಗೆ 162 ಗ್ರಾಂ.

ಇದನ್ನು ಅಡುಗೆಮನೆಯ ಸಕ್ಕರೆಯಿಂದ ತುಂಬುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ವೈನಿನ ಮದ್ಯಸಾರ ಹೆಚ್ಚಿಸಲು ಸಕ್ಕರೆ ಬೆರೆಸುವುದನ್ನು ಇಟಲಿಯ ಕಾನೂನು ಒಪ್ಪುವುದಿಲ್ಲವಾದ್ದರಿಂದ, ದ್ರಾಕ್ಷಿರಸವನ್ನೇ ಶುದ್ಧೀಕರಿಸಿ ಗಟ್ಟಿಮಾಡಿದ ಪಾಕ ಇಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಮನೆಬಳಕೆಗೆ ನಿರ್ಬಂಧವೇನೂ ಕಾಡದಿದ್ದರೂ ನಾನು ಅದನ್ನೇ ಆರಿಸಿದೆ. ತೂಕದಲ್ಲಿ 65 ಪ್ರತಿಶತ ಸಕ್ಕರೆಯಿರುವ ಪಾಕವಾದ್ದರಿಂದ 162 ಗ್ರಾಮಿಗೆ ಬದಲು 249 ಗ್ರಾಂ ತೂಗಬೇಕು. ಲೀಟರಿಗೆ 9 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಮದ್ಯಸಾರ ಏರುವುದು ಅರ್ಧ ಪ್ರತಿಶತದಷ್ಟು ಮಾತ್ರ. ಬದಲಾಗುವುದು ನೊರೆ, ಅಮಲಲ್ಲ.

ತುಂಬಿದ ದಿನ

ಹದನೊರೆಯ ವೈನನ್ನು ಮಾರ್ಚಿನ ಬೆಳೆಯುವ ಚಂದ್ರನಲ್ಲಿ, ಈಸ್ಟರಿಗೆ ಮೊದಲು ತುಂಬಬೇಕು ಎಂಬುದು ಇಲ್ಲಿನ ಹಿರಿಯರ ನಿಯಮ. ಅನೇಕ ವರ್ಷಗಳಲ್ಲಿ ಅದು ಯುಗಾದಿ ಪಾಡ್ಯದಿಂದ ಮುಂದಿನ ಹುಣ್ಣಿಮೆಯವರೆಗಿನ ಚೈತ್ರ ಶುಕ್ಲಪಕ್ಷವೇ ಆಗಿರುತ್ತದೆ. ಚಂದ್ರನ ಪ್ರಭಾವವನ್ನು ನಾನು ನಂಬುವುದಿಲ್ಲ. ಆದರೆ ಪಂಚಾಂಗದ ಆ ಹೊತ್ತಿನ ಹಿಂದಿರುವ ವ್ಯವಹಾರಜ್ಞಾನವನ್ನು ನಂಬುತ್ತೇನೆ: ಚಳಿಗಾಲದ ತಣುಪಿನಲ್ಲಿ ವೈನು ತಿಳಿಯಾಗಿ ಮಡ್ಡಿ ಕೆಳಗಿಳಿದಿರುತ್ತದೆ, ಬರಲಿರುವ ಬೆಚ್ಚಗಿನ ವಾರಗಳು ಮಲಗಿದ್ದ ಯೀಸ್ಟನ್ನು ಎಬ್ಬಿಸುತ್ತವೆ.

ತುಂಬಿದ ದಾಮಿಜಾನಾ 60 ಕಿಲೋಗ್ರಾಮಿಗೂ ಮೇಲೆ ತೂಗುತ್ತದೆ, ಅದರ ಗಾಜು ತೆಳು. ಆದ್ದರಿಂದ ಇಬ್ಬರು ಹಿಡಿದು ಮೇಜಿನ ಮೇಲೆ ಏರಿಸಿ, ಮಡ್ಡಿ ಮತ್ತೆ ಇಳಿಯಲು ಅವಕಾಶವಾಗುವಂತೆ ಮುಟ್ಟದೆ ಬಿಡಬೇಕು. ಆಮೇಲೆ ಸೈಫನ್ ಕೊಳವೆಯ ತುದಿಯನ್ನು ತಳದ ಮಡ್ಡಿಗಿಂತ ಎರಡು ಮೂರು ಬೆರಳು ಮೇಲೆ ನಿಲ್ಲುವಂತೆ ಕಟ್ಟಿ, ವೈನನ್ನು ನೆಲದ ಮೇಲಿನ ಇನ್ನೊಂದು ಶುದ್ಧ ಪಾತ್ರೆಗೆ ಇಳಿಸಿಕೊಂಡೆ. ಪಾಕವನ್ನು ಮೊದಲೇ ಒಂದು ಪಾತ್ರೆ ವೈನಿನಲ್ಲಿ ಕರಗಿಸಿಟ್ಟುಕೊಂಡು, ಇಳಿಯುತ್ತಿರುವ ಧಾರೆಯ ಜೊತೆಗೆ ಸೇರಿಸಿದರೆ ಹೆಚ್ಚು ಕಲಕದೆಯೇ ಸಮನಾಗಿ ಬೆರೆಯುತ್ತದೆ. ಪಾಕ ಸಮನಾಗಿ ಬೆರೆಯದಿದ್ದರೆ ಒಂದು ಬಾಟಲಿ ಸಪ್ಪೆ, ಇನ್ನೊಂದು ಬಾಟಲಿ ಸಿಡಿಯುವ ಅಪಾಯ. ಮಾರಿದವರು ವೈನನ್ನು ಸೋಸಿರಲಿಲ್ಲವಾದ್ದರಿಂದ ಅದರ ಸಣ್ಣ ಮಬ್ಬಿನಲ್ಲಿಯೇ ಸಾಕಷ್ಟು ಯೀಸ್ಟು ಇತ್ತು. ಸೋಸಿದ ವೈನಾದರೆ ಹೊರಗಿನಿಂದ ಯೀಸ್ಟು ಹಾಕಲೇಬೇಕು.

ಬಾಟಲಿಗೆ ತುಂಬುವಾಗ ಕೊಳವೆ ತಳ ಮುಟ್ಟುವಂತೆ ಇಳಿಸಿ, ವೈನು ಕೆಳಗಿನಿಂದ ಶಬ್ದವಿಲ್ಲದೆ ಏರುವಂತೆ ನೋಡಿಕೊಳ್ಳಬೇಕು. ಮೇಲಿನಿಂದ ಸುರಿದರೆ ಗಾಳಿ ಬೆರೆತು, ಸೊರ್ಬಾರಾದ ಆ ಹೂವಿನ ಪರಿಮಳ ಮೊದಲ ದಿನವೇ ಮಂಕಾಗುತ್ತದೆ. ಬಾಯಿಯಿಂದ ಎರಡು ಬೆರಳು ಜಾಗ ಬಿಟ್ಟು ಮುಚ್ಚಳ ಒತ್ತಿದೆ. ಲೆಕ್ಕದಂತೆ 54 ಲೀಟರಿಗೆ ಮುಕ್ಕಾಲು ಲೀಟರಿನ 72 ಬಾಟಲಿ ಆಗಬೇಕು, ಮಡ್ಡಿಯೊಡನೆ ಹೋಗುವುದನ್ನು ಕಳೆದರೆ ಎಪ್ಪತ್ತರ ಹತ್ತಿರ ನಿಲ್ಲುತ್ತದೆ. ದುರಸ್ತಿಯಾದ ಯಂತ್ರ ಕೊನೆಯವರೆಗೂ ಒಂದೇ ಬಿಗಿಯಲ್ಲಿ ಕೆಲಸ ಮಾಡಿತು. ಬಾಟಲಿಗಳ ಎತ್ತರ ಬೇರೆಬೇರೆಯಾಗಿದ್ದುದರಿಂದ ಮೊದಲೇ ಎತ್ತರದ ಪ್ರಕಾರ ಅವನ್ನು ವಿಂಗಡಿಸಿಟ್ಟುಕೊಂಡಿದ್ದು ಸಮಯ ಉಳಿಸಿತು, ಇಲ್ಲದಿದ್ದರೆ ಹೆಜ್ಜೆಹೆಜ್ಜೆಗೂ ತಲೆಯನ್ನು ಏರಿಸಿ ಇಳಿಸಬೇಕಾಗುತ್ತಿತ್ತು.

ಕೊನೆಯಲ್ಲಿ ಅದೇ ವೈನನ್ನು ಸೋಡಾದ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಗೂ ತುಂಬಿ, ಗಾಳಿ ಹಿಂಡಿ ತೆಗೆದು, ತಿರುಪು ಬಿರಡೆ ಬಿಗಿದು ಉಳಿದವುಗಳ ಪಕ್ಕದಲ್ಲಿಟ್ಟೆ. ಗಾಜಿನೊಳಗೆ ಏನಾಗುತ್ತಿದೆ ಎಂಬುದು ಹೊರಗೆ ತಿಳಿಯುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯನ್ನು ಬೆರಳಿನಿಂದ ಒತ್ತಿ ನೋಡಿದರೆ ಹುದುಗು ಶುರುವಾಯಿತೋ ಇಲ್ಲವೋ ಗೊತ್ತಾಗುತ್ತದೆ, ಅದು ಕಲ್ಲಿನಂತೆ ಬಿಗಿದು ಉಬ್ಬತೊಡಗಿದರೆ ಲೆಕ್ಕದಲ್ಲಿ ಎಡವಟ್ಟಾಗಿದೆ ಎಂಬ ಎಚ್ಚರಿಕೆಯೂ ಸಿಗುತ್ತದೆ. ಯಾವ ಮಾಪಕಕ್ಕಿಂತಲೂ ಅಗ್ಗದ ಈ ಉಪಾಯವನ್ನು ಮನೆಯಲ್ಲಿ ಬಿಯರ್ ಮಾಡುವವರಿಂದ ಕಲಿತೆ.

ನೆಲಮಾಳಿಗೆ ಆ ದಿನಗಳಲ್ಲಿ 12 ಡಿಗ್ರಿಯ ಆಸುಪಾಸಿನಲ್ಲಿತ್ತು, ಯೀಸ್ಟಿಗೆ ಅದು ಸಾಲದು. ಬಾಟಲಿಗಳನ್ನು ದಪ್ಪ ಕಾಗದದ ಪೆಟ್ಟಿಗೆಗಳಲ್ಲಿ ನಿಲ್ಲಿಸಿ, ಮೆಟ್ಟಿಲ ಕೆಳಗಿನ 18 ಡಿಗ್ರಿಯ ಕೋಣೆಯಲ್ಲಿ ಕೆಲವು ವಾರ ಇಟ್ಟು, ಪ್ಲಾಸ್ಟಿಕ್ ಬಾಟಲಿ ಬಿಗಿಯಾದ ಮೇಲೆ ಕೆಳಗಿನ ಗೂಡಿಗೆ ಇಳಿಸಿದೆ. ಈ ಅವಧಿಯಲ್ಲಿ ಬಾಟಲಿ ಮುಟ್ಟುವಾಗಲೆಲ್ಲ ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಕವಚ ಧರಿಸುವುದು ಅತಿಯಾದ ಜಾಗ್ರತೆಯಲ್ಲ. ನಿಲ್ಲಿಸಿಯೇ ಇಡುವುದರಿಂದ ಸತ್ತ ಯೀಸ್ಟು ತಳದ ಗುಳಿಯ ಸುತ್ತ ಉಂಗುರವಾಗಿ ಕೂರುತ್ತದೆ.

ಇಂದು ಅಂಗಡಿಯಲ್ಲಿ ದೊರೆಯುವ ಲಾಂಬ್ರುಸ್ಕೊದ ಬಹುಪಾಲಿನಲ್ಲಿ ಈ ಮಡ್ಡಿ ಇರುವುದಿಲ್ಲ. ಇಟಲಿಯ ಅಸ್ತಿ ಊರಿನ ಫೆದೆರಿಕೊ ಮಾರ್ತಿನೊತ್ತಿ 1895ರಲ್ಲಿ ಹಕ್ಕುಪತ್ರ ಪಡೆದು, ಆಮೇಲೆ 1907ರಲ್ಲಿ ಫ್ರಾನ್ಸಿನ ಯೂಜೀನ್ ಷರ್ಮಾ ಸುಧಾರಿಸಿದ ವಿಧಾನದಲ್ಲಿ ಎರಡನೆಯ ಹುದುಗು ದೊಡ್ಡ ಮುಚ್ಚಿದ ತೊಟ್ಟಿಯಲ್ಲಿ ನಡೆದು, ಸೋಸಿದ ನಂತರ ವೈನು ಬಾಟಲಿಗೆ ಬರುತ್ತದೆ. 1970ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಹಡಗುಗಟ್ಟಲೆ ಹೋದ ಸಿಹಿ ಲಾಂಬ್ರುಸ್ಕೊ ಇದೇ ತೊಟ್ಟಿಗಳಿಂದ ಬಂದದ್ದು. ಈ ವೈನೆಂದರೆ ಸಿಹಿ ಪಾನಕವೆಂಬ ಅಪಖ್ಯಾತಿ ಅಂಟಿಕೊಂಡದ್ದೂ ಅಲ್ಲಿಂದಲೇ. ಮೊದೆನಾದವರ ಮನೆಯ ಮೇಜಿಗೂ ಆ ಖ್ಯಾತಿಗೂ ಸಂಬಂಧ ಬಹಳ ದೂರದ್ದು.

ಮೇಜಿನ ಮೇಲೆ

ಜೂನಿನಲ್ಲಿ ತೆರೆದೆ. ತಣ್ಣಗಾಗದ ಬಾಟಲಿ ತೆರೆದರೆ ಕಾಲುಭಾಗ ನೊರೆಯಾಗಿ ಹೊರಚೆಲ್ಲುವುದರಿಂದ 10ರಿಂದ 12 ಡಿಗ್ರಿಗೆ ತಣಿಸಿಯೇ ತೆರೆಯಬೇಕು. ಬಣ್ಣ ತಿಳಿ ದಾಳಿಂಬೆಯದು. ಗುಲಾಬಿ ನೊರೆ ಎದ್ದು ಬೇಗನೆ ಅಡಗಿತು. ಮೂಗಿಗೆ ಹಣ್ಣಿನ ಜೊತೆಗೆ ಹಿಟ್ಟು ಹುಳಿಬಂದ ವಾಸನೆಯೂ ಬಂತು, ಅದು ಯೀಸ್ಟಿನ ಗುರುತು. ಬಾಯಿಯಲ್ಲಿ ಸಿಹಿಯ ಸುಳಿವಿಲ್ಲ. ಮೊದಲ ಲೋಟಗಳು ತಿಳಿ, ಕೊನೆಯವು ಮಬ್ಬು. ಹಿಂದಿನವರು ಇದನ್ನು ಬಿಳಿ ಪಿಂಗಾಣಿಯ ಬಟ್ಟಲಲ್ಲಿ ಕುಡಿಯುತ್ತಿದ್ದರು. ಲೋಟದಲ್ಲಿ ಬೆಳಕಿಗೆ ಹಿಡಿದು ನೋಡುವ ಚಟವಿಲ್ಲದಿದ್ದರೆ ಮಬ್ಬು ಯಾರಿಗೂ ತೊಂದರೆ ಕೊಡುವುದಿಲ್ಲ.

ಬರಿದೇ ಕುಡಿದರೆ ಈ ವೈನು ಚುಚ್ಚುತ್ತದೆ. ಅದರ ಹುಳಿಗೆ ಎದುರಾಳಿ ಬೇಕು. ಮೊದೆನಾದ ಅಡುಗೆ ಹಂದಿಯ ಕೊಬ್ಬಿನ ಮೇಲೆ ನಿಂತದ್ದು, ಮತ್ತು ಆ ಕೊಬ್ಬು ನಾಲಿಗೆಗೆ ಕಟ್ಟುವ ಜಿಡ್ಡಿನ ಪದರವನ್ನು ಒಂದು ತುತ್ತಿನಿಂದ ಇನ್ನೊಂದಕ್ಕೆ ತೊಳೆದುಹಾಕುವ ಕೆಲಸವನ್ನು ಹುಳಿ ಮತ್ತು ಗುಳ್ಳೆಗಳೆರಡೂ ಹಂಚಿಕೊಂಡು ಮಾಡುತ್ತವೆ. ನ್ಯೊಕ್ಕೊ ಫ್ರಿತ್ತೊ ಎಂಬ ತಿನಿಸಿನೊಡನೆ ಇದು ಅತ್ಯಂತ ಸ್ಪಷ್ಟವಾಗಿ ತಿಳಿಯುತ್ತದೆ. ಮೈದಾ, ಉಪ್ಪು, ಹಾಲು ಅಥವಾ ಅನಿಲದ ನೀರು ಮತ್ತು ಸ್ವಲ್ಪ ಕೊಬ್ಬು ಸೇರಿಸಿ ನಾದಿದ ಹಿಟ್ಟನ್ನು ತೆಳುವಾಗಿ ಲಟ್ಟಿಸಿ, ಓರೆ ಚೌಕಗಳಾಗಿ ಕತ್ತರಿಸಿ ಕರಿದರೆ ಅವು ಎಣ್ಣೆಗೆ ಬಿದ್ದೊಡನೆ ಉಬ್ಬುತ್ತವೆ. ಬಿಸಿಯಿರುವಾಗಲೇ ಮೇಲೆ ಮೊರ್ತದೆಲ್ಲಾ ಎಂಬ ಹಂದಿಮಾಂಸದ ಸಾಸೇಜು ಅಥವಾ ಹಂದಿ ತೊಡೆಯ ಒಣಮಾಂಸದ ತೆಳು ಹಾಳೆ ಇಟ್ಟು ತಿನ್ನುವುದು ರೂಢಿ. ಸಾಂಪ್ರದಾಯಿಕವಾಗಿ ಕರಿಯುವುದು ಹಂದಿಕೊಬ್ಬಿನಲ್ಲಿಯೇ ಆದ್ದರಿಂದ ಸಸ್ಯಾಹಾರಿಗಳು ಹೋಟೆಲಿನಲ್ಲಿ ವಿಚಾರಿಸದೆ ಕೇಳಿ ತರಿಸಬಾರದು. ಮನೆಯಲ್ಲಿ ನಾನು ಹಿಟ್ಟಿಗೆ ಬೆಣ್ಣೆ ಹಾಕಿ ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದೆ, ಮೇಲೆ ಮೃದುವಾದ ಹಸಿ ಗಿಣ್ಣು ಸವರಿದೆ. ಎರಡು ಬಾರ್ ಒತ್ತಡದ ನೊರೆ ಇದಕ್ಕೆ ಸರಿಹೊಂದಿತು. ಅಂಗಡಿಯ ಸಿಹಿ ಲಾಂಬ್ರುಸ್ಕೊ ಪಕ್ಕದಲ್ಲಿಟ್ಟು ನೋಡಿದಾಗ ನಾಲ್ಕನೆಯ ತುಂಡಿನ ಹೊತ್ತಿಗೆ ಬಾಯಿ ಜಡವಾಗಿತ್ತು.

ಪಾರ್ಮಿಜಾನೊ ರೆಜ್ಜಾನೊ ಗಿಣ್ಣಿನೊಡನೆ ಅಷ್ಟೇ ಚೆನ್ನ, ಅದರಲ್ಲೂ ಎರಡು ವರ್ಷ ಹಣ್ಣಾದ ಉಪ್ಪುಪ್ಪಿನ ಗಿಣ್ಣಿನೊಡನೆ. ಆದರೆ ಅದರ ತಯಾರಿಕೆಗೆ ಕರುವಿನ ಜಠರದಿಂದ ಪಡೆದ ಕಿಣ್ವ ಬಳಸುವುದು ನಿಯಮದಲ್ಲಿಯೇ ಇರುವುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಅದು ಸಲ್ಲದು; ಬಂದ ಗೆಳೆಯರಿಗೆ ಇದನ್ನು ಮೊದಲೇ ಹೇಳುವುದು ನನ್ನ ಕರ್ತವ್ಯವೆಂದು ತಿಳಿಯುತ್ತೇನೆ. ರೆಜ್ಜೊ ಎಮಿಲಿಯಾದ ಎರ್ಬಜ್ಜೋನೆ, ಅಂದರೆ ಸೊಪ್ಪು ಮತ್ತು ಗಿಣ್ಣು ತುಂಬಿದ ತೆಳು ಕಡುಬುರೊಟ್ಟಿ, ಈ ವೈನಿಗೆ ನನ್ನ ಮೆಚ್ಚಿನ ಜೊತೆ, ಹಂದಿಕೊಬ್ಬು ಬಿಟ್ಟು ಮಾಡಿದರೂ ರುಚಿಗೆ ಕುಂದಿಲ್ಲ. ಕುಂಬಳಕಾಯಿ ತುಂಬಿದ ತೊರ್ತೆಲ್ಲಿ ಎಂಬ ಕಡುಬಿನೊಡನೆ ಮಾತ್ರ ನನ್ನ ಒಣ ಸೊರ್ಬಾರಾ ಸೋತಿತು. ಕುಂಬಳದ ಸಿಹಿಯ ಮುಂದೆ ಹುಳಿ ಬೆತ್ತಲಾಗಿ ನಿಲ್ಲುತ್ತದೆ, ಅಲ್ಲಿ ಅರೆಸಿಹಿ ಲಾಂಬ್ರುಸ್ಕೊಗೇ ಜಾಗ. ಮಾಂತೊವಾ ಕಡೆಯಲ್ಲಿ ಅನ್ಯೋಲಿ ಎಂಬ ಪುಟ್ಟ ಕಡುಬುಗಳು ತೇಲುವ ಬಿಸಿ ಸಾರಿಗೇ ಲಾಂಬ್ರುಸ್ಕೊ ಸುರಿದು ಊಟದ ಆರಂಭದಲ್ಲಿ ಹೀರುವ ಪದ್ಧತಿಯಿದೆ. ಓದುವಾಗ ವಿಚಿತ್ರವೆನಿಸಿದರೂ, ಜಿಡ್ಡಿನ ಸಾರಿಗೆ ಹುಳಿ ಹಿಂಡುವ ನಮ್ಮ ಕಡೆಯವರಿಗೆ ಅದರ ತರ್ಕ ತಕ್ಷಣ ಹೊಳೆಯುತ್ತದೆ.

ನಮ್ಮ ಅಡುಗೆಯ ಜೊತೆಗೂ ಪ್ರಯತ್ನಿಸಿದ್ದುಂಟು. ಈರುಳ್ಳಿ ಬಜ್ಜಿಗೆ ಸೊಗಸಾಗಿ ಒಗ್ಗಿತು, ಕಾರಣ ಮೇಲೆ ಹೇಳಿದ್ದೇ. ಹುಣಸೆಹಣ್ಣಿನ ಹುಳಿ, ಬಿಸಿಬೇಳೆಬಾತುಗಳೊಡನೆ ಒಗ್ಗಲಿಲ್ಲ. ಎರಡು ಹುಳಿಗಳು ಒಂದನ್ನೊಂದು ಹೆಚ್ಚಿಸಿದವು, ಒಣಮೆಣಸಿನ ಉರಿಯನ್ನು ಗುಳ್ಳೆಗಳು ಇನ್ನಷ್ಟು ಕೆರಳಿಸಿದವು.

ಮಾಂಸ ತಿನ್ನುವ ಗೆಳೆಯರ ದೂರು ಒಂದೇ: ಹೊಸ ವರ್ಷದ ರಾತ್ರಿ ಇಲ್ಲಿ ಮಸೂರಬೇಳೆಯೊಡನೆ ಬಡಿಸುವ ಜಂಪೋನೆಗೆ, ಅಂದರೆ ಹಂದಿಯ ಮುಂಗಾಲಿನ ಚರ್ಮದಲ್ಲಿ ಮಾಂಸ ತುಂಬಿ ಗಂಟೆಗಟ್ಟಲೆ ಬೇಯಿಸಿದ ಆ ಅಂಟಂಟು ಭಕ್ಷ್ಯಕ್ಕೆ, ಸೊರ್ಬಾರಾ ತೀರ ತೆಳು ಎಂಬುದು. ಅವರ ಮಾತು ಸರಿ. ಅಂಟಿನ ಜೊತೆಗೆ ಸೆಣಸಲು ಗ್ರಾಸ್ಪರೊಸ್ಸಾದ ಒಗರು ಬೇಕು. ಮುಂದಿನ ಮಾರ್ಚಿಗೆ 34 ಲೀಟರಿನ ಸಣ್ಣ ದಾಮಿಜಾನಾದಲ್ಲಿ ಅದನ್ನು ತರುವ ಮಾತಾಗಿದೆ. ಒಗರು ಮತ್ತು ನೊರೆ ಎರಡೂ ಹೆಚ್ಚಾದರೆ ಬಾಯಿ ಒರಟಾಗುವುದರಿಂದ ಅದಕ್ಕೆ ಒಟ್ಟು ಸಕ್ಕರೆಯನ್ನು ಲೀಟರಿಗೆ 7 ಗ್ರಾಮಿನಲ್ಲಿ ನಿಲ್ಲಿಸುವ ಯೋಚನೆಯಿದೆ. ಅಷ್ಟರೊಳಗೆ ಯಂತ್ರದ ಹಿಡಿಕೆಗೆ ಹೊಸ ಮರದ ಹಿಡಿಯನ್ನೂ, 29ರ ಮುಚ್ಚಳಗಳ ಇನ್ನೊಂದು ಪೊಟ್ಟಣವನ್ನೂ ತಂದಿಟ್ಟುಕೊಳ್ಳಬೇಕು.